ಮೂರು ಗಿಡದ ಹುಳುಗಳಿಗೆ ಒಂದೇ ಅಡುಗೆ

ಪೂರಿಗಾಲಿ, ಮಳವಳ್ಳಿ ತಾಲ್ಲೂಕು
೧೨ ಸೆಪ್ಟೆಂಬರ್ ೧೯೪೧

ಕಾರ್ಕಳದ ಅಕ್ಕನಿಗೆ ಮಾಧವನ ನಮಸ್ಕಾರ.

ನಮ್ಮ ಇಲಾಖೆಯ ಸಾಹೇಬರ ಅಪ್ಪಣೆಯಂತೆ ಎಲೆ ಸುತ್ತುವ ಹುಳುಗಳನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದ್ದೇನೆ. ಯಾವ ಹುಳು ಯಾವ ಗಿಡದ್ದೆಂದು ತಿಳಿದರೆ ಮುಂದೆ ಅದರಿಂದಾಗುವ ಪತಂಗದ ಜಾತಿ ಗೊತ್ತುಮಾಡುವುದು ಸುಲಭ. ಅದಕ್ಕೇ ಭತ್ತದವು, ಹತ್ತಿಯವು, ಬದನೆಯವು ಎಂದು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಅವವುಗಳ ಎಲೆಯನ್ನೇ ಹಾಕುತ್ತಿದ್ದೆ.

ನಾನಿರುವ ಮನೆಯ ಮಂಗಳಮ್ಮ ರೇಷ್ಮೆ ಸಾಕುವವರು. ನಿನ್ನೆ ನಾನು ಗದ್ದೆಗೆ ಹೋದಾಗ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಹಿಪ್ಪುನೇರಳೆ ಸೊಪ್ಪು ಹಾಕಿಬಿಟ್ಟಿದ್ದಾರೆ! ನಾನು ತಲೆ ಚಚ್ಚಿಕೊಂಡರೆ, “ಒಂದೇ ಮನೇಲಿ ಮೂರು ಅಡ್ಗೆ ಮಾಡಕ್ಕಾಯ್ತದಾ ಸ್ವಾಮಿ? ಬಂದಾಗ ನೀವೂ ಮುದ್ದೆ ಕಂಡ್ರೆ ಮೊಕ ತಿರುಗಿಸ್ತಿದ್ರಿ. ಈಗ ಎಲ್ಡು ನುಂಗಾಕಿಲ್ವಾ? ಅವೂ ಕಲ್ತ್ಕೋತವೆ, ಸುಮ್ನಿರಿ” ಅಂದರು.

ಬೆಳಿಗ್ಗೆ ನೋಡಿದರೆ ಒಂದು ಹುಳು ನಿಜಕ್ಕೂ ಹಿಪ್ಪುನೇರಳೆ ಎಲೆ ಸುತ್ತಿಕೊಂಡು ಒಳಗೆ ಕೂತು ಮೇಯುತ್ತಿದೆ! ಇದನ್ನು ಯಾವ ಗಿಡದ್ದೆಂದು ಸಾಹೇಬರಿಗೆ ಬರೆಯಲಿ ಎಂದು ಗೋಳಾಡಿದೆ. “ನಮ್ಮನೇದು ಅಂತ ಬರ್ದಾಕಿ” ಅಂದರು ಮಂಗಳಮ್ಮ.

ನನ್ನ ಹೊಟ್ಟೆ ಚೆನ್ನಾಗಿದೆ, ಅಂಗಿ ಮಾತ್ರ ಬಿಗಿಯಾಗಿದೆ. ಭಾವನ ಹಳೆಯದೊಂದನ್ನು ಕಳಿಸು. ಒಳಗಿಂದ ಕರೆಯುತ್ತಿದ್ದಾರೆ, ಮುದ್ದೆ ಆರುತ್ತಿದೆ.

ನಿನ್ನ ತಮ್ಮ