ಕಡಲ ಗೋಡೆ ಕಟ್ಟುವಾಗ ಯಾರೂ ಸಾಯಲಿಲ್ಲವೇ?

ಮಾನ್ಯ ಮುಖ್ಯಾಧಿಕಾರಿಗಳೇ,

ನಿಮ್ಮ ಪುರಸಭೆ ಹಳೆಯ ಸುಂಕದ ಕಚೇರಿಗೆ ಸುಣ್ಣ ಬಳಿಸಿ ಊರಿನ ಇತಿಹಾಸದ ವಸ್ತುಸಂಗ್ರಹಾಲಯ ತೆರೆದಿದೆ. ಅದರ ಕೊನೆಯ ಕೋಣೆಯ ಕರಿಕಲ್ಲಿನ ಫಲಕದಲ್ಲಿ ಒಂದು ಸುಳ್ಳು ಸಾಲಿದೆ. "೧೯೮೭ರಲ್ಲಿ ಯಾವುದೇ ಜೀವಹಾನಿಯಿಲ್ಲದೆ ಕಡಲ ತಡೆಗೋಡೆಯ ಕಾಮಗಾರಿ ಪೂರ್ಣಗೊಂಡಿತು" ಎಂಬ ಸಾಲು. ಆ ಕಾಮಗಾರಿಯಲ್ಲಿ ನಾಲ್ಕು ಜನ ಸತ್ತಿದ್ದಾರೆ. ಅವರಲ್ಲಿ ಒಬ್ಬ ನಮ್ಮಪ್ಪ.

ನಿಮ್ಮ ಊರಿನ ಹೆಸರನ್ನು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿಲ್ಲ. ಅಲ್ಲಿಯ ಜನರ ಮೇಲೆ ನನಗೆ ಸಿಟ್ಟಿಲ್ಲ, ಅವರ ಉಪಕಾರ ನಮ್ಮ ಮೇಲಿದೆ. ನನ್ನ ತಕರಾರು ಇರುವುದು ಆ ಕಲ್ಲಿನ ಮೇಲೆ ಏನು ಕೆತ್ತಬೇಕೆಂದು ನಿರ್ಧರಿಸಿದ ಕಚೇರಿಯ ಜೊತೆ.

ನಾನು ಹಾನಗಲ್ಲ ತಾಲೂಕಿನ ಒಂದು ಸರಕಾರಿ ಶಾಲೆಯ ಶಿಕ್ಷಕಿ. ಅಪ್ಪ ಗುದ್ಲೆಪ್ಪ ಕಲ್ಲು ಒಡೆಯುವವನಾಗಿದ್ದ. ೧೯೮೬ರ ದೀಪಾವಳಿ ಮುಗಿದ ಮೇಲೆ ಒಬ್ಬ ಗುತ್ತಿಗೆದಾರ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರಿನ ಹಳ್ಳಿಗಳನ್ನು ತಿರುಗಿ ಇಪ್ಪತ್ತು ಜನ ಗಟ್ಟಿ ಆಳುಗಳನ್ನು ಆರಿಸಿ ಲಾರಿಯಲ್ಲಿ ನಿಮ್ಮ ಊರಿಗೆ ಇಳಿಸಿದ. ಆ ಹೊತ್ತಿಗೆ ಕಡಲು ನಿಮ್ಮಲ್ಲಿ ಎರಡು ಬೀದಿಗಳನ್ನೂ ಒಂದು ಶಾಲೆಯನ್ನೂ ನುಂಗಿತ್ತು ಎಂದು ನಿಮ್ಮ ಫಲಕವೇ ಹೇಳುತ್ತದೆ. ಅದನ್ನು ತಡೆಯಲು ಬಂದವರು ಅಲ್ಲಿಯತನಕ ಕಡಲನ್ನೇ ಕಂಡಿರದ ಜನ.

ನಾನು ಆಗ ಆರು ವರ್ಷದವಳು. ಅಪ್ಪ ಯುಗಾದಿಗೆ ಒಮ್ಮೆ ಬಂದು ಹೋಗಿದ್ದ. ಮೈಯೆಲ್ಲ ಉಪ್ಪಿನ ವಾಸನೆ ಎಂದು ಅವ್ವ ನಗುತ್ತಿದ್ದುದು ನೆನಪಿದೆ. ಮುಂದೆ ಬಂದವನು ಅಪ್ಪನಲ್ಲ, ಸವಣೂರಿನ ಬಾಬಾಜಾನ. ಅಪ್ಪನ ಜೊತೆಯಲ್ಲೇ ಕೆಲಸಕ್ಕಿದ್ದವನು. ಮೃಗಶಿರಾ ಮಳೆ ಹಿಡಿದಿತ್ತು. ಅಂಗಳದಲ್ಲಿ ನಿಂತ ಅವನು ಒಳಗೆ ಬಾ ಎಂದರೂ ಬರಲಿಲ್ಲ.

"ತಂಗಿ, ಕುಂದ್ರವ್ವ ಮೊದಲ," ಎಂದ ಅವ್ವನಿಗೆ. "ಗುದ್ಲೆಪ್ಪನ್ನ ಸಮುದ್ರ ಒಯ್ತವ್ವ. ನನ್ನ ತಮ್ಮ ಮಜೀದನ್ನೂ ಒಯ್ತು."

ನಡೆದದ್ದಿಷ್ಟು. ಗೋಡೆಯ ಉದ್ಘಾಟನೆಗೆ ಸಚಿವರು ಬರುವ ತಾರೀಖು ನಿಗದಿಯಾಗಿತ್ತು. ಮಳೆಗಾಲ ಆ ತಾರೀಖಿಗೆ ಕಾಯಲಿಲ್ಲ. ಮೀನುಗಾರರು ದೋಣಿಗಳನ್ನು ಮೇಲೆಳೆದು, "ಇವತ್ತು ಇಳಿಯಬೇಡಿ, ಕಡಲು ಸರಿಯಿಲ್ಲ" ಎಂದು ಎರಡು ಸಲ ಬಂದು ಹೇಳಿದರು. ಗುತ್ತಿಗೆದಾರನ ಮೇಸ್ತ್ರಿ ಕೇಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ನಾಲ್ವರು ಗೋಡೆಯ ತುದಿಗೆ ಹೋಗಿ ಬಂಡೆಗೆ ಸರಪಳಿ ಬಿಗಿಯುತ್ತಿದ್ದರು. ಒಂದು ತೆರೆ ಬಂತು, ಕೆಳಗಿನ ಕಲ್ಲುಗಳು ಜಾರಿದವು. ಬಾಬಾಜಾನ ಇಪ್ಪತ್ತು ಮಾರು ಹಿಂದಿದ್ದ. ಎರಡನೇ ತೆರೆ ಇಳಿದಾಗ ಅಲ್ಲಿ ಸರಪಳಿಯಷ್ಟೇ ಇತ್ತು.

ಇದನ್ನೆಲ್ಲ ಕೇಳಿದ ಅವ್ವನಿಗೆ ಹಾನಗಲ್ಲಿನ ಆನೆಕೆರೆಗಿಂತ ದೊಡ್ಡ ನೀರು ಗೊತ್ತಿರಲಿಲ್ಲ. "ಕೆರ್ಯಾಗ ಬಿದ್ದಾವ್ರು ಮೂರನೇ ದಿನಕ್ಕ ಮ್ಯಾಲ ಬರ್ತಾರ," ಎಂದಳು. "ನಾಕ ದಿನಾನೂ ನಿಲ್ಲಾಕ ಆಗಲಿಲ್ಲೇನ ನಿನಗ? ನಿನ್ನ ತಮ್ಮನ್ನೂ ಬಿಟ್ಟ ಬಂದೀ?"

"ಎಂಟ ದಿನಾ ನಿಂತಿದ್ನವ್ವ," ಎಂದ ಬಾಬಾಜಾನ. "ಅದು ಕೆರಿ ಅಲ್ಲ."

ಎಂಟು ದಿನವೂ ನಿಮ್ಮ ಊರಿನ ಮೀನುಗಾರರು ಹುಡುಕಿದ್ದರು. ಉಳಿದ ಹದಿನಾರು ಜನರಿಗೆ ಅವರ ಮನೆಯ ಹೆಂಗಸರೇ ಗಂಜಿ ಕೊಟ್ಟಿದ್ದರು. ಅವ್ವ ಮಾತ್ರ ಬಾಬಾಜಾನನನ್ನು ನಂಬಲಿಲ್ಲ. ಸರಿಯಾಗಿ ಹುಡುಕದೆ ಬಂದ ಎಂದು ವರ್ಷಗಟ್ಟಲೆ ಬೈದಳು. ಹೆಣ ಸಿಗಲಿಲ್ಲ, ಹಾಗಾಗಿ ಹಣೆಯ ಕುಂಕುಮ ಅಳಿಸಲಿಲ್ಲ, ಕೈಯ ಹಸಿರು ಬಳೆ ತೆಗೆಯಲಿಲ್ಲ. ಓಣಿಯಲ್ಲಿ ಆಡಿಕೊಂಡರು. "ನನ್ನ ಗಂಡ ಸತ್ತದ್ದನ್ನ ನೀವ್ಯಾರರ ನೋಡೀರೇನ?" ಎಂದು ಕೇಳಿ ಬಾಯಿ ಮುಚ್ಚಿಸಿದಳು. ಬಾಬಾಜಾನ ಬೈಸಿಕೊಂಡೂ ಪ್ರತಿ ವರ್ಷ ಮೃಗಶಿರಾ ಮಳೆಗೆ ಸವಣೂರಿನ ವೀಳ್ಯದೆಲೆಯ ಕಟ್ಟು ಹಿಡಿದು ಬಂದು, ಅಂಗಳದ ಕಟ್ಟೆಯ ಮೇಲೆ ಒಂದು ತಾಸು ಕೂತು ಹೋಗುತ್ತಿದ್ದ.

ಇನ್ನು ದಾಖಲೆಯ ವಿಷಯ. ನಾನು ಮರಣ ಪ್ರಮಾಣಪತ್ರಕ್ಕೆ ಹೋದರೆ ನಮ್ಮ ಕಡೆಯ ಕಚೇರಿಯಲ್ಲಿ "ಸತ್ತ ಊರಿನಲ್ಲಿ ಕೇಳಿ" ಎಂದರು. ನಿಮ್ಮಲ್ಲಿ ಕೇಳಿದರೆ "ಇಲ್ಲಿ ಅಂಥ ಸಾವು ನೋಂದಣಿಯಾಗಿಲ್ಲ" ಎಂದರು. ಅಂದರೆ ನಮ್ಮಪ್ಪ ಘಟ್ಟದ ಮೇಲೆಯೂ ಸಾಯಲಿಲ್ಲ, ಕೆಳಗೂ ಸಾಯಲಿಲ್ಲ. ಹಾಗಾದರೆ ಎಲ್ಲಿದ್ದಾನೆ, ಮಾನ್ಯರೇ? ವಿಳಾಸ ಕೊಟ್ಟರೆ ನಾವೇ ಹೋಗಿ ಕರೆತರುತ್ತೇವೆ.

ಹೋದ ವರ್ಷ ಕಾರ್ತಿಕದಲ್ಲಿ ವಸ್ತುಸಂಗ್ರಹಾಲಯದ ಸುದ್ದಿ ಪತ್ರಿಕೆಯಲ್ಲಿ ಓದಿದೆ. ಗೋಡೆಯ ಚರಿತ್ರೆಯೂ ಅಲ್ಲಿದೆ ಎಂದಿತ್ತು. ಅಪ್ಪನ ಹೆಸರು ಇದ್ದೇ ಇರುತ್ತದೆ ಎಂದು ಅವ್ವನಿಗೆ ಹೇಳಿದವಳು ನಾನೇ. ಆ ತಪ್ಪು ನನ್ನದು. ಶಿರಸಿ ದಾಟಿ ಘಟ್ಟ ಇಳಿದು ನಿಮ್ಮ ಊರಿಗೆ ಬಂದೆವು. ಬಸ್ಸಿಳಿದ ಅವ್ವ "ಮೊದಲ ನೀರು ತೋರಸು" ಎಂದಳು.

ಗೋಡೆಯ ಮೇಲೆ ಬಹಳ ಹೊತ್ತು ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕೊನೆ ಎಲ್ಲಿದೆ ಎಂದು ಹುಡುಕುತ್ತಿದ್ದಳೇನೋ.

"ಇಷ್ಟ ದೊಡ್ಡದೈತೇನವ್ವಾ ಇದು?" ಎಂದಳು. "ಆ ಪುಣ್ಯಾತ್ಮಗ ಸುಮ್ಮ ಸುಮ್ಮನ ಬೈದ್ನಲ್ಲ ಇಷ್ಟ ವರ್ಷ."

ಆಮೇಲೆ ಕೂತು, ಎರಡೂ ಕೈ ಗೋಡೆಯ ಕಲ್ಲಿಗೆ ಬಡಿದು ಬಳೆ ಒಡೆದುಕೊಂಡಳು. ಬೇಡವ್ವ, ಇದೆಲ್ಲ ಯಾಕೆ ಎಂದು ನಾನು ಕೈ ಹಿಡಿದೆ. ಬಿಡಿಸಿಕೊಂಡು, ಸೆರಗಿನಿಂದ ಕುಂಕುಮ ಒರೆಸಿಕೊಂಡಳು. ಮೂವತ್ತೇಳು ವರ್ಷ ಬಾರದಿದ್ದ ಅಳು ಆಗ ಬಂತು.

ಅಲ್ಲಿಂದ ನಿಮ್ಮ ವಸ್ತುಸಂಗ್ರಹಾಲಯಕ್ಕೆ ನಡೆದೆವು. ಬಹಳ ಅಚ್ಚುಕಟ್ಟಾಗಿದೆ, ಅಭಿನಂದನೆಗಳು. ಬಂದರು ಕಟ್ಟಿಸಿದ ಬಿಳಿಯ ಅಧಿಕಾರಿಯ ಕುದುರೆಯ ಹೆಸರಿದೆ. ದಡಕ್ಕೆ ಬಂದು ಸತ್ತ ತಿಮಿಂಗಿಲದ ಎಲುಬಿಗೂ ದಿನಾಂಕವಿದೆ. ನಮ್ಮ ಸೀಮೆಯ ಚಕ್ಕಡಿಗಳು ಹತ್ತಿ ಹೇರಿಕೊಂಡು ಬಂದರಿಗೆ ಬರುತ್ತಿದ್ದ ಕಾಲಕ್ಕೆ ಒಂದು ಇಡೀ ಗೋಡೆ ಮೀಸಲಿಟ್ಟಿದ್ದೀರಿ. ನಮ್ಮ ಸೀಮೆಯ ಹತ್ತಿಗೆ ಒಂದು ಗೋಡೆ ಕೊಟ್ಟವರಿಗೆ ನಮ್ಮ ಸೀಮೆಯ ಮನುಷ್ಯರಿಗೆ ಒಂದು ಸಾಲು ಹೆಚ್ಚಾಯಿತೇ?

ಕೊನೆಯ ಕೋಣೆಯಲ್ಲಿ ಅವ್ವ, "ಎಲ್ಲೈತಿ ನಿಮ್ಮಪ್ಪನ ಹೆಸರು? ಓದು," ಎಂದಳು. ಅವಳಿಗೆ ಓದು ಬರದು. ನಾನು ಬೇರೇನಾದರೂ ಹೇಳಬಹುದಿತ್ತು. ಮಕ್ಕಳಿಗೆ ಪಾಠ ಹೇಳುವ ಬಾಯಿ ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ಓದಿತು. "ಯಾವುದೇ ಜೀವಹಾನಿಯಿಲ್ಲದೆ" ಎಂಬಲ್ಲಿ ಅವ್ವ ತಡೆದು, "ಹಂಗಂದ್ರ?" ಎಂದು ಕೇಳಿದಳು.

"ಗೋಡಿ ಕಟ್ಟೂವಾಗ ಯಾರೂ ಸತ್ತಿಲ್ಲ ಅಂತವ್ವ."

ಅವ್ವ ತನ್ನ ಬರಿಗೈ ನೋಡಿಕೊಂಡಳು. "ಹಂಗಾರ ನಾ ಬಳಿ ಯಾಕ ಒಡಕೊಂಡ್ನಿ?" ಎಂದಳು.

ಆ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆಯೇ?

ಊರಿಗೆ ಮರಳಿದ ಮರುದಿನವೇ ಅವ್ವ ಸವಣೂರಿಗೆ ಹೋಗಿ ಬಾಬಾಜಾನನ ಎದುರು ಕೈ ಮುಗಿದಳು. "ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ ಅಣ್ಣಾರ," ಎಂದಳು. ಅವನು ಹಾಸಿಗೆ ಹಿಡಿದಿದ್ದ. "ನಾ ಇರೂದ್ರಾಗ ಬರಕೊಳ್ರಿ. ನೋಡಿದಾವ್ರ ಪೈಕಿ ನಾ ಒಬ್ಬನ ಉಳಿದೇನಿ," ಎಂದು ತಾನೇ ನನ್ನನ್ನು ಕರೆಸಿದ. ವಕೀಲರನ್ನು ಮನೆಗೆ ಕರೆತಂದು ಅಫಿಡವಿಟ್ ಮಾಡಿಸಿ, ಹೆಬ್ಬೆಟ್ಟು ಒತ್ತಿಸಿ ನಿಮಗೆ ಕಳಿಸಿದೆ. "ಸಾಕ್ಷಿದಾರರು ಈ ಪಟ್ಟಣದ ನಿವಾಸಿಯಲ್ಲದ ಕಾರಣ ಪರಿಗಣಿಸಲಾಗದು" ಎಂಬ ಷರಾ ಬರೆದು ಹಿಂದಿರುಗಿಸಿದಿರಿ. ಅದು ನಮ್ಮ ಕೈ ಸೇರುವುದಕ್ಕೆ ಒಂಬತ್ತು ದಿನ ಮೊದಲು ಬಾಬಾಜಾನ ತೀರಿಕೊಂಡ. ನಿಮ್ಮ ಷರಾ ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಮಟ್ಟಿಗೆ ಅಂಚೆ ಇಲಾಖೆ ತಡಮಾಡಿ ಒಳ್ಳೆಯದನ್ನೇ ಮಾಡಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಆ ಸುಳ್ಳು ಸಾಲನ್ನು ಒಡೆಸಿ ತೆಗೆಸಿ. ಆ ಜಾಗದಲ್ಲಿ ಹಾನಗಲ್ಲ ತಾಲೂಕಿನ ಗುದ್ಲೆಪ್ಪ, ಶಿಗ್ಗಾಂವ ಕಡೆಯ ಫಕ್ಕೀರಪ್ಪ, ಹಿರೇಕೆರೂರು ಕಡೆಯ ಕನಕಪ್ಪ, ಸವಣೂರಿನ ಮಜೀದ ಈ ಗೋಡೆ ಕಟ್ಟುತ್ತ ಸತ್ತರು ಎಂದು ಕೆತ್ತಿಸಿ. ನಿಮ್ಮ ಊರಿನ ಮುದಿ ಮೀನುಗಾರರನ್ನು ಕೇಳಿ, ಅವರು ಅಲ್ಲಿಯ ನಿವಾಸಿಗಳೇ. ಕೆತ್ತಿದ ಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ. ಅವ್ವನಿಗೆ ಮಂಡಿ ನೋವು, ಆದರೂ ಬರುತ್ತಾಳೆ. ಆ ಸಾಲನ್ನು ಈ ಸಲ ಎಷ್ಟು ಸಲ ಓದೆಂದರೂ ಓದುತ್ತೇನೆ.

ಇಂತಿ,
ಶಾಲೆಯ ದಾಖಲೆಯಲ್ಲಿ ಇಂದಿಗೂ ತಂದೆಯ ಹೆಸರು ಗುದ್ಲೆಪ್ಪ ಎಂದಿರುವ,
ಸವಿತಾ
ಹಾನಗಲ್ಲ ತಾಲೂಕು