ಪರದೆಯ ಬಲ ಮೂಲೆ

ಮಾರ್ಚ್ ೧೨, ಮಂಗಳವಾರ

ಅಪ್ಪನಿಗೆ ಮರೆವು ಹೆಚ್ಚಾದಾಗಿನಿಂದ ಕಂಪ್ಯೂಟರಿನ ಬಲ ಮೂಲೆ ಅವರದ್ದು. ಅವರ ಕೋಣೆಯ ಕ್ಯಾಮೆರಾದ ದೃಶ್ಯ ಅಲ್ಲೊಂದು ಪುಟ್ಟ ಕಿಟಕಿಯಲ್ಲಿ ಸದಾ ಕಾಣುತ್ತಿರಬೇಕು. ಗೇಮಾಗಲಿ, ಆಫೀಸಿನ ಕೆಲಸವಾಗಲಿ, ಅದನ್ನು ಬಿಟ್ಟು ಉಳಿದ ಜಾಗದಲ್ಲಿ. ಇದು ಮನೆಯ ಕಾನೂನು.

ಸಂಜೆ ಬಂದಾಗ ಬೀದಿಬಾಗಿಲು ಹಾರುಹೊಡೆದಿತ್ತು. ತಮ್ಮ ಹೆಡ್‌ಫೋನ್ ಹಾಕಿಕೊಂಡು ಗೇಮಿನಲ್ಲಿ ಕಾರು ಓಡಿಸುತ್ತಿದ್ದ, ಫುಲ್‌ಸ್ಕ್ರೀನಿನಲ್ಲಿ. ನಾನೇ ಕೀ ಒತ್ತಿ ಅದನ್ನು ಕುಗ್ಗಿಸಿದೆ. ಹಿಂದಿದ್ದ ಅಪ್ಪನ ಕಿಟಕಿಯಲ್ಲಿ ಖಾಲಿ ಹಾಸಿಗೆ. ಹಾಗೇ ಬೀದಿಗೆ ಓಡಿದೆ.

ಅಪ್ಪ ಸಿಕ್ಕಿದ್ದು ದೊಡ್ಡ ರಸ್ತೆಯ ಡಿವೈಡರ್ ಮೇಲೆ, ಬರಿಗಾಲಲ್ಲಿ. ಎರಡೂ ಕಡೆ ಲಾರಿಗಳು.

"ಬಸ್ಸೇ ಬರ್ಲಿಲ್ಲ ಕಣಮ್ಮಾ," ಅಂದರು.

"ಒಂದೇ ಒಂದು ರೇಸು ಅಕ್ಕಾ, ಸಣ್ಣ ಕಿಟಕೀಲಿ ತಿರುವೇ ಕಾಣಲ್ಲ," ಅಂದ ತಮ್ಮ. ಬಾಯಿಗೆ ಬಂದಂತೆ ಬೈದೆ. ಊಟ ಬಿಟ್ಟು ಮಲಗಿದ್ದಾನೆ.

ಕಣ್ಣು ಮುಚ್ಚಿದರೆ ಆ ಲಾರಿಗಳ ದೀಪ. ಅದಕ್ಕೇ ಇಲ್ಲಿ ಕಾವಲು ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಅತ್ತು ಅತ್ತು ಕಣ್ಣು ಮಂಜಾಗಿ, ಅಕ್ಷರ ದೊಡ್ಡದಾಗಿ ಕಾಣಲೆಂದು ಈ ಪುಟವನ್ನು ಹಿಗ್ಗಿಸಿದ್ದೆ, ಯಾವಾಗಲೋ.

ಈಗ ನೋಡಿದರೆ ಬಲ ಮೂಲೆಯಲ್ಲೂ ನನ್ನವೇ ಅಕ್ಷರಗಳು. ಅಪ್ಪನ ಕಿಟಕಿ ಇದರ ಹಿಂದೆ—