ಕರಕಿಹಾಳದ ಗಾಳಿಕಂಡಿ

ಕರಕಿಹಾಳ, ಮೊದಲ ಬೇಸಿಗೆ, 2183

ನಾನು ಹುಟ್ಟುವ ಎಷ್ಟೋ ತಲೆಮಾರು ಮುಂಚೆ ಗುಡ್ಡದ ಕೆಳಗಿನ ಹೊಲಗಳಲ್ಲಿ ಬದುಕು ಮಾಡುತ್ತಿರುವ ನಮ್ಮ ಹಿರಿಯರಿಗೆ ಅಂಬುಬಾಯಿಯ ಶರಣು.

ಮೇಲಿನ ತಾರೀಖು ನಿಮಗೆ ಕೈತಪ್ಪಿ ಬರೆದಂತೆ ಕಾಣಬಹುದು. ಕೈತಪ್ಪಿಲ್ಲ. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ನಡುವಿನ ಮಳೆ ಬಂದು ಹೋಗುವುದು ಎಷ್ಟು ಬೇಗವೆಂದರೆ ಅದನ್ನು ಯಾರೂ ಕಾಲವೆಂದು ಕರೆಯುವುದಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಪುಸ್ತಕಗಳಲ್ಲಿ ‘ಮಧ್ಯಾಹ್ನ ಸುಮ್ಮನೆ ತಿರುಗಾಡಿ ಬಂದೆವು’ ಎಂದು ಓದಿದಾಗ ನನಗೂ ಅಷ್ಟೇ ವಿಚಿತ್ರವೆನಿಸುತ್ತದೆ.

ನಾವು ಮನೆಯಿಂದ ಹೊರಬೀಳುವ ಮುಂಚೆ ಬಾವುಟ ನೋಡುತ್ತೇವೆ. ಪಂಚಾಯಿತಿ ಮಾಳಿಗೆಯ ಮೇಲೆ ಬಿಳಿ ಬಾವುಟವಿದ್ದರೆ ಮೈಯ ಬೆವರು ಆರುವಷ್ಟು ಗಾಳಿ ಇದೆ ಎಂದರ್ಥ. ಅದು ಬಿಳಿಹೊತ್ತು. ಕಪ್ಪು ಏರಿದರೆ ಕರಿಹೊತ್ತು. ಆಗ ಬೆವರು ಮೈಮೇಲೆಯೇ ನಿಲ್ಲುತ್ತದೆ, ಮನುಷ್ಯ ಒಳಗಿನಿಂದ ಬೇಯುತ್ತಾನೆ. ದೊಡ್ಡ ಶಹರಗಳಲ್ಲಿ ಬೇಸಿಗೆಯಿಡೀ ಕರಿಹೊತ್ತೇ. ಅಲ್ಲಿನವರು ತಣ್ಣಗೂಡುಗಳಲ್ಲಿ, ಅಂದರೆ ಕಿಟಕಿ ತೆರೆಯದ ತಂಪು ಕಟ್ಟಡಗಳಲ್ಲಿ ಹುಟ್ಟಿ ಬೆಳೆಯುತ್ತಾರೆ. ನಮ್ಮದು ನಾಡಿನ ಬಡಗಣ ಅಂಚಿನ ಸಣ್ಣ ಊರು, ಆದರೂ ಇಲ್ಲಿ ಬೆಳಿಗ್ಗೆ ಮತ್ತು ಸಂಜೆ ಬಿಳಿ ಬಾವುಟ ಏರುತ್ತದೆ. ಕಾರಣ ಒಂದೇ, ಗುಡ್ಡದ ಸೀಳಿನೊಳಗಿಂದ ಕಣಿವೆಯ ಗಾಳಿ ಮೇಲೆ ಬರುತ್ತದೆ. ಆ ಸೀಳಿಗೆ ಗಾಳಿಕಂಡಿ ಎನ್ನುತ್ತೇವೆ. ಅದರ ಪುಣ್ಯದಿಂದ ನಮ್ಮ ಮಕ್ಕಳು ಬಯಲಿನಲ್ಲಿ ಖೋ ಖೋ ಆಡುತ್ತಾರೆ, ಮುದುಕರು ಸೈಕಲ್ಲು ತುಳಿಯುತ್ತಾರೆ, ನಾವು ಹೆಂಗಸರು ಮೆಟ್ಟಿಲಬಾವಿಯಲ್ಲಿ ಈಜುತ್ತೇವೆ. ಇಷ್ಟನ್ನು ನೋಡಲು, ಎರಡು ದಿನ ಬರಿಗಾಲಲ್ಲಿ ನಡೆಯಲು ಶಹರದವರು ಬಂದು ನಮ್ಮ ಮನೆಗಳಲ್ಲಿ ಉಳಿಯುತ್ತಾರೆ. ಊಟ ಹಾಕುತ್ತೇವೆ. ಆದರೆ ಅವರನ್ನು ನಂಬುವುದಿಲ್ಲ.

ಹೋದ ವರ್ಷ ನಮ್ಮ ಮನೆಗೆ ಮಂದಾಕಿನಿ ಎಂಬಾಕೆ ಬಂದಳು. ಕರಾವಳಿಯ ಕಡೆಯವಳು, ನನ್ನ ವಯಸ್ಸಿನವಳೇ. ನಡೆಯಲು ಬಂದಿದ್ದೇನೆ ಎಂದಳು. ಅವಳು ಬಾವಿಗಿಳಿಯಲಿಲ್ಲ, ಆಟ ನೋಡಲಿಲ್ಲ. ಯಾವ ತಿಂಗಳು ಗಾಳಿ ಯಾವ ಕಡೆಯಿಂದ, ಕಂಡಿಯ ಹತ್ತಿರ ಯಾರಾದರೂ ಮನೆ ಕಟ್ಟಿದ್ದಾರೆಯೇ ಎಂದು ಕೇಳಿದಳು. ನನ್ನ ಅತ್ತೆ ಝರೆಮ್ಮ ರೊಟ್ಟಿ ಬಡಿಯುತ್ತಲೇ ಅವಳನ್ನು ನೋಡುತ್ತಿದ್ದರು.

“ಈಕಿ ನಡ್ಯಾಕ ಬಂದಾಕಿ ಅಲ್ಲ ಅಂಬು,” ಎಂದರು. “ನಡ್ಯಾವ್ರು ಕಾಲಕೆಳಗ ನೋಡ್ತಾರ. ಈಕಿ ಬರೀ ಗುಡ್ಡ ನೋಡ್ಲತ್ತಾಳ.”

ಸಂಜೆಯೊಳಗೆ ಆ ಮಾತು ಊರೆಲ್ಲ ಹರಡಿತು. ಅವಳು ದಾರಿ ಕೇಳಿದರೆ ಜನ ಬೇರೆ ದಾರಿ ತೋರಿಸಿದರು. ಗಾಳಿಯ ಸುದ್ದಿ ಎತ್ತಿದರೆ, “ಗಾಳಿ ಎಲ್ಲಿಂದು ಬಾಯಿ, ನಮಗೂ ಸೆಖಿನೇ,” ಎಂದರು. ನನಗೆ ಅವಳ ಮೇಲೆ ಕಣ್ಣಿಡುವ ಕೆಲಸ ಬಿತ್ತು.

ಒಂದು ದಿನ ಬಾವುಟ ಕಪ್ಪಾಗುವ ಹೊತ್ತಿಗೆ ಅವಳು ಗುಡ್ಡದ ಕಡೆ ಹೊರಟಳು. ನಾನು ಹಿಂದೆಯೇ ಹೋದೆ. ಕಂಡಿಯ ಬಾಯಲ್ಲಿ ನಿಂತು ಅಂಗೈಯಗಲದ ಯಂತ್ರವೊಂದನ್ನು ಗಾಳಿಗೆ ಹಿಡಿದಿದ್ದಳು. ಕೂಗಬೇಕೆನ್ನುವಷ್ಟರಲ್ಲಿ ಗಾಳಿ ಬಿದ್ದುಹೋಯಿತು. ಅವಳು ಕುಸಿದುಬಿದ್ದಳು. ತಣ್ಣಗೂಡಿನಲ್ಲಿ ಬೆಳೆದ ಮೈ, ಎಷ್ಟು ತಡೆದೀತು? ಬಿಟ್ಟು ಬರಬಹುದಿತ್ತು, ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಹೆದರಿ ಓಡಿದೆ. ರಟ್ಟೆ ಹಿಡಿದು ಎಳೆದುಕೊಂಡು ಹಳೆಯ ಸುರಂಗದೊಳಗೆ ತಂದೆ. ನೆಲದಡಿ ನೀರು ಹರಿಸಲು ಎಂದೋ ಕೊರೆದ ಸುರಂಗ ಅದು, ಈಗಲೂ ಒಳಗೆ ತಂಪು. ಅಲ್ಲಿನ ನೀರಿನಲ್ಲಿ ಸೆರಗು ತೋಯಿಸಿ ಅವಳ ಕುತ್ತಿಗೆಗೆ ಸುತ್ತಿದೆ.

ಕಣ್ಣು ಬಿಟ್ಟಾಗ ಅವಳೇ ಹೇಳಿದಳು. “ನಿಮ್ಮ ಅತ್ತೆಯ ಅನುಮಾನ ಸರಿ. ಕಂಡಿಗೆ ಅಡ್ಡಲಾಗಿ ನಮ್ಮ ಕಂಪನಿ ತಣ್ಣಗೂಡು ಕಟ್ಟಬೇಕೆಂದಿದೆ. ಬರುವ ಗಾಳಿಯೆಲ್ಲ ಅದರೊಳಗೆ ಹೋಗುತ್ತದೆ.”

“ಜಾಗ ನಮ್ಮೂರಿಂದು,” ಎಂದೆ.

“ಅಲ್ಲ. ನಿಮ್ಮ ಹಿರಿಯರೇ ಮಾರಿದ್ದಾರೆ. ಕಲ್ಲುಬಂಡೆ, ಏನೂ ಬೆಳೆಯುವುದಿಲ್ಲ ಅಂತ.”

ಅವಳು ಎದ್ದು ಗೋಡೆಗೆ ಒರಗಿ ಕೂತಳು. ಆಮೇಲೆ, “ಇಲ್ಲಿ ಗಾಳಿ ಇಲ್ಲ ಅಂತ ಹೇಳಿಬಿಡುತ್ತೇನೆ,” ಎಂದಳು. ನಾನು ಅವಳ ಮುಖವನ್ನೇ ನೋಡಿದೆ. ಜೀವ ಉಳಿಸಿದವರ ಮುಂದೆ ಯಾರಾದರೂ ಹಾಗೆ ಹೇಳಿಯಾರು. ನಂಬಲಿಲ್ಲ.

ಮಾರನೆಯ ದಿನ ಅವಳು ಹೋದಳು. ಊರಿನ ಅನುಮಾನ ಹೋಗಲಿಲ್ಲ. ನನ್ನ ಮೇಲೆ ತಿರುಗಿತು. ಸುರಂಗದಲ್ಲಿ ಅಷ್ಟು ಹೊತ್ತು ಏನು ಮಾತಾಡಿದಿರಿ, ಅವಳು ನಿನಗೆ ಏನು ಕೊಟ್ಟಳು ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿರಿಯರು ಕಂಡಿ ಮಾರಿದ್ದಾರೆ ಎಂಬುದನ್ನಂತೂ ಯಾರೂ ಒಪ್ಪಲಿಲ್ಲ. ನಾನು ಬಾವಿಗಿಳಿದರೆ ಉಳಿದವರು ಮೇಲೇರಿ ಕೂದಲು ಒರೆಸಿಕೊಳ್ಳತೊಡಗಿದರು. ಚಿಕ್ಕಂದಿನಿಂದ ಜೊತೆಗೆ ಈಜಿದವರು ಅವರು. ಖಾಲಿ ನೀರಿನಲ್ಲಿ ಒಬ್ಬಳೇ ಈಜುವುದು ನನಗೆ ಆಗಲಿಲ್ಲ, ಹೋಗುವುದನ್ನೇ ಬಿಟ್ಟೆ. ಅತ್ತೆ ಮಾತ್ರ, “ನೀ ಸುಳ್ಳ ಹೇಳಾಕಿ ಅಲ್ಲ, ಖರೆ. ಆದ್ರ ಆಕಿ?” ಎಂದು ದಿನಾ ಕೇಳುತ್ತಿದ್ದರು.

ಈ ಬೇಸಿಗೆ ಶುರುವಾದಾಗ ಮಂದಾಕಿನಿ ಮರಳಿ ಬಂದಳು. ಕೈಯಲ್ಲಿ ಒಂದು ಚೀಲ, ಮುಖ ಇಳಿದಿತ್ತು. ಬಾಗಿಲಲ್ಲೇ ಅತ್ತೆ ತಡೆದರು.

“ಕಂಪನಿ ಕಳಿಸ್ಯಾದೇನು?”

“ಕಂಪನಿ ಹೊರಗೆ ಹಾಕಿದೆ ಅಮ್ಮ. ನಾನು ಹೇಳಿದ್ದು ಸುಳ್ಳು ಅಂತ ಗೊತ್ತಾಯಿತು. ಮಳೆ ಮುಗಿಯುತ್ತಲೇ ಅವರೇ ಬರುತ್ತಾರೆ.”

ಅತ್ತೆ ಅವಳ ಚೀಲದ ಮೇಲೆ ಕಣ್ಣಾಡಿಸಿದರು. ಆಮೇಲೆ ಬದಿಗೆ ಸರಿದರು. “ಒಳಗ ಬಾ. ಉಣ್ಣು,” ಎಂದರು. ಊಟವಾದ ಮೇಲೆ ಅವಳ ಚೀಲವನ್ನು ಅವಳ ಎದುರಿಗೇ ಬಿಚ್ಚಿ ನೋಡಿದರು. ನಾಲ್ಕು ಸೀರೆ, ಒಂದು ಬಾಚಣಿಗೆ. ಮಂದಾಕಿನಿ ಬೇಸರಿಸಿಕೊಳ್ಳಲಿಲ್ಲ.

ಹಾಗೆ ಅವಳು ಈಗ ನಮ್ಮ ಮನೆಯಲ್ಲಿದ್ದಾಳೆ. ನಿನ್ನೆ ಬೆಳಿಗ್ಗೆ ನಾವಿಬ್ಬರೂ ಬಾವಿಗೆ ಹೋದೆವು. ಅವಳಿಗೆ ಈಜು ಬಾರದು. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಇಳಿಸಿದೆ. ಮೆಟ್ಟಿಲ ಮೇಲಿದ್ದ ಹೆಂಗಸರಲ್ಲಿ ಒಬ್ಬಳು ನೀರಿಗೆ ಕಾಲು ಬಿಟ್ಟಳು. ಎದ್ದು ಹೋಗಲಿಲ್ಲ.

ಮಳೆ ಬಂದು ಹೋದ ಮೇಲೆ ಕಂಪನಿಯವರು ಬರುತ್ತಾರೆ. ಮಾರಾಟದ ಕಾಗದ ಅವರ ಕಡೆ ಇದೆ. ನಾವು ಕಂಡಿಯಲ್ಲಿ ಅಡ್ಡ ನಿಲ್ಲುತ್ತೇವೆ. ಎಷ್ಟು ಹೊತ್ತು ನಿಂತೇವು? ಕರಿಹೊತ್ತಿನಲ್ಲಿ ಯಾರೂ ನಿಲ್ಲಲಾರರು. ಅದಕ್ಕೇ ನಿಮಗೆ ಬರೆದೆ. ಕಂಡಿಯನ್ನು ಮಾರುವವರು ನಿಮ್ಮಲ್ಲಿ ಯಾರೋ ಇದ್ದೀರಿ. ಕೊಳ್ಳಲು ಬರುವವನು ಒಳ್ಳೆಯ ಮಾತಿನವನಿರಬಹುದು. ಈ ಬರಡು ಕಲ್ಲಿನಿಂದ ನಿಮಗೇನು ಲಾಭ ಎನ್ನಬಹುದು. ಅವನನ್ನು ನಂಬಬೇಡಿ. ನನ್ನನ್ನೂ ನಂಬಬೇಕಿಲ್ಲ, ನಾನು ಯಾರೋ ನಿಮಗೆ ಗೊತ್ತಿಲ್ಲ. ಸಹಿ ಹಾಕುವ ಮುಂಚೆ ಒಂದು ಬೆಳಿಗ್ಗೆ ಗುಡ್ಡ ಹತ್ತಿ, ಅಂಗಿಯ ಗುಂಡಿ ಬಿಚ್ಚಿ, ಆ ಸೀಳಿನಲ್ಲಿ ನಿಂತುಕೊಳ್ಳಿ.